ಮಳೆಯ ಬಿಡುವು ನೋಡಿ ನೆಟ್ಟ ತರಕಾರಿ: ಚೌತಿಯ ಮಾರುಕಟ್ಟೆಗೆ ಬೆಳೆದ ನನ್ನ ಅನುಭವ

ಮನೆ ಖರ್ಚಿಗೆ ನಾಲ್ಕು ಬುಡ ಬೆಂಡೆ, ಒಂದು ಚಪ್ಪರ ಹೀರೆ ಬಿಟ್ಟರೆ ಮಳೆಗಾಲದಲ್ಲಿ ಮಾರುವಷ್ಟು ತರಕಾರಿ ಬೆಳೆಯಲು ಸಾಧ್ಯವಿಲ್ಲ ಎಂಬುದು ಉಡುಪಿ ಜಿಲ್ಲೆಯ ಶಿರ್ವದ ಸುತ್ತಮುತ್ತಲಿನ ನಮ್ಮ ಕೃಷಿಕರ ಗಟ್ಟಿ ನಂಬಿಕೆ. ನಾನು ಅರ್ಧ ಎಕರೆ ಬೆಟ್ಟುಗದ್ದೆಯನ್ನು (ಎತ್ತರದಲ್ಲಿರುವ ಗದ್ದೆ) ಇದಕ್ಕಾಗಿ ತೆಗೆದಿಟ್ಟಾಗ ಬೀಜದಂಗಡಿಯ ಹಿರಿಯರು, "ಅಕ್ಕ, ಆಟಿಯ ಮಳೆಗೆ ಬೆಂಡೆ ನಿಲ್ಲುವುದಿಲ್ಲ, ಸುಮ್ಮನೆ ದುಡ್ಡು ಹಾಕಬೇಡಿ" ಎಂದು ಕಾಳಜಿಯಿಂದಲೇ ಹೇಳಿದ್ದರು (ಆಟಿ ಎಂದರೆ ಜುಲೈ ನಡುವಿನಿಂದ ಶುರುವಾಗುವ ತುಳು ತಿಂಗಳು). 2025ರ ಗಣೇಶ ಚೌತಿಗೆ ಅದೇ ಗದ್ದೆಯಿಂದ ಖರ್ಚಿನ ಎರಡು ಪಟ್ಟಿಗಿಂತ ಹೆಚ್ಚು ಹಣ ಬಂದ ಮೇಲೆ ಹಲವರು ದಾರಿಯಲ್ಲಿ ನಿಲ್ಲಿಸಿ ಕೇಳಿದ್ದರಿಂದ, ಮಾಡಿದ್ದನ್ನು ಮಾಡಿದ ಹಾಗೆಯೇ ಬರೆಯುತ್ತಿದ್ದೇನೆ. ಏರು (ಎತ್ತರಿಸಿದ ಮಣ್ಣಿನ ಸಾಲು) ಮಾಡುವುದು, ಸುಣ್ಣ ಹಾಕುವುದು, ಗೊಬ್ಬರದ ಲೆಕ್ಕ ಇವೆಲ್ಲ ಓದುವವರಿಗೆ ಗೊತ್ತಿರುವುದರಿಂದ ಅವನ್ನು ವಿವರಿಸುವುದಿಲ್ಲ.

ಮೊದಲು ಹೇಳಬೇಕಾದದ್ದು ಮುನ್ಸೂಚನೆಯನ್ನು ಓದುವ ಬಗೆಯನ್ನು. ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಒಮ್ಮೆ, ಮೇ ಕೊನೆಯಲ್ಲಿ ಇನ್ನೊಮ್ಮೆ ಮುಂಗಾರಿನ ಅಂದಾಜು ಕೊಡುತ್ತದೆ. ದೇಶಕ್ಕೆ ವಾಡಿಕೆ ಮಳೆಯ ಶೇಕಡಾ 96, ಶೇಕಡಾ 105 ಎಂಬ ಆ ಅಂಕಿಯನ್ನು ಪತ್ರಿಕೆಗಳು ದೊಡ್ಡದಾಗಿ ಹಾಕುತ್ತವೆ, ನಮ್ಮವರು ಅದನ್ನು ಓದಿ ಈ ವರ್ಷ ಮಳೆ ಕಡಿಮೆ, ಈ ವರ್ಷ ಜಾಸ್ತಿ ಎಂದು ತೀರ್ಮಾನಿಸುತ್ತಾರೆ. ಬಯಲುಸೀಮೆಯ ರೈತನಿಗೆ ಅದು ಜೀವನ್ಮರಣದ ಅಂಕಿ ಇರಬಹುದು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಉಡುಪಿಯಲ್ಲಿ ಹತ್ತರಲ್ಲಿ ಎರಡು ಪಾಲು ಕಡಿಮೆಯಾದರೂ 3,000 ಮಿ.ಮೀ. ದಾಟುತ್ತದೆ, ಬೆಂಡೆಯ ಬೇರು ಕೊಳೆಯಲು ಅಷ್ಟು ಧಾರಾಳ ಸಾಕು. ಇಲ್ಲಿ ತರಕಾರಿಯ ಲಾಭ ನಷ್ಟವನ್ನು ತೀರ್ಮಾನಿಸುವುದು ಒಟ್ಟು ಮಳೆಯಲ್ಲ. ಮಳೆಯ ನಡುವೆ ಬಿಡುವು ಯಾವಾಗ ಬಂತು, ಆ ಹೊತ್ತಿಗೆ ನಮ್ಮ ಗಿಡ ಯಾವ ಹಂತದಲ್ಲಿತ್ತು ಎಂಬುದು.

2023ರಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಆ ವರ್ಷ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ, ಎಲ್ ನಿನೊ (ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮಲ್ಲಿ ಮಳೆ ಕುಗ್ಗಿಸುವ ವಿದ್ಯಮಾನ) ಎಂಬ ಹೆದರಿಕೆ ಬೇರೆ. ಜುಲೈಯಲ್ಲಿ ಮಳೆ ಚೆನ್ನಾಗಿಯೇ ಹೊಡೆಯಿತು, ಆದರೆ ಆಗಸ್ಟ್ ತಿಂಗಳು 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಯಿತು. ನಮ್ಮ ಕರಾವಳಿಯಲ್ಲಿಯೂ ಆಗಸ್ಟ್ ನಡುವಿನಿಂದ ಶುರುವಾಗುವ ಸೋಣ ತಿಂಗಳಿನಲ್ಲಿ ಪಂಪು ಹಾಕಿ ತರಕಾರಿಗೆ ನೀರು ಬಿಡಬೇಕಾಯಿತು. ಚೌತಿ ಸೆಪ್ಟೆಂಬರ್ ಮೂರನೇ ವಾರದಲ್ಲಿ ಇದ್ದುದರಿಂದ ನಾನು ಜುಲೈ ನಡುವಿನಲ್ಲಿ ಬಿತ್ತಿದ್ದೆ. ಬೆಂಡೆ ಹೂ ಬಿಡುವ ಹೊತ್ತಿಗೆ ಒಣ ಹವೆಯಲ್ಲಿ ಬಿಳಿನೊಣ ಏರಿ ಎಲೆಯ ನರ ಹಳದಿಯಾಗುವ ನಂಜು ರೋಗ ಹಿಡಿಯಿತು. ಅಲಸಂಡೆಯ ಎಳೆ ಕುಡಿಯಲ್ಲಿ ಸಸ್ಯಹೇನು ಕಪ್ಪಗೆ ಮುತ್ತಿಕೊಂಡಿತು. ಬೇವಿನೆಣ್ಣೆ ಹೊಡೆದದ್ದಕ್ಕೆ ಲೆಕ್ಕವಿಲ್ಲ. ಅದೇ ಗದ್ದೆಯ ತುದಿಯಲ್ಲಿದ್ದ ಹೀರೆ ಮಾತ್ರ ಚಪ್ಪರ ತುಂಬ ಕಾಯಿ ಬಿಟ್ಟಿತು. ಆ ವರ್ಷ ನಲವತ್ತೈದು ಸಾವಿರದಷ್ಟು ಹಾಕಿ ಮೂವತ್ತು ಸಾವಿರದ ಆಸುಪಾಸು ಕೈಗೆ ಬಂತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೀರೆಯದು.

ಆ ಹೀರೆಯೇ ನನಗೆ ದಾರಿ ತೋರಿಸಿತು. ಬೆಂಡೆ, ಅಲಸಂಡೆ ತಮ್ಮ ಹೂವಿನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುವ ಬೆಳೆಗಳು. ಜಡಿಮಳೆಯಲ್ಲಿ ಜೇನು ಹಾರದಿದ್ದರೂ ಅವು ಕಾಯಿ ಕಟ್ಟುತ್ತವೆ, ನೀರು ನಿಲ್ಲದಿದ್ದರೆ ಆಯಿತು. ಮಳೆಯಲ್ಲಿ ಬಿಳಿನೊಣವೂ ಹೇನೂ ತೊಳೆದು ಹೋಗುವುದರಿಂದ ಇವಕ್ಕೆ ಸುರಿಯುವ ಮಳೆ ಒಂದು ರೀತಿಯಲ್ಲಿ ರಕ್ಷಣೆಯೇ. ಹೀರೆ, ಹಾಗಲ, ಮುಳ್ಳುಸೌತೆ ಹಾಗಲ್ಲ. ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ನಡುವೆ ಕೀಟ ಬೇಕು. ಹೀರೆಯ ಹೂ ಸಂಜೆ ಅರಳುತ್ತದೆ, ಆ ಹೊತ್ತಿಗೆ ಸರಿಯಾಗಿ ಮಳೆ ಸುರಿದರೆ ಪರಾಗ ತೊಯ್ದು, ಬೆರಳುದ್ದದ ಹೀಚು ಎರಡು ದಿನದಲ್ಲಿ ಹಳದಿಯಾಗಿ ಉದುರುತ್ತದೆ. ಆದ್ದರಿಂದ ಬೆಂಡೆ ಅಲಸಂಡೆಗಳ ಹೂವಿನ ಕಾಲ ಜೋರು ಮಳೆಯಲ್ಲಿ ಬೀಳಬೇಕು, ಹೀರೆಯ ಹೂವಿನ ಕಾಲ ಬಿಡುವಿನಲ್ಲಿ ಬೀಳಬೇಕು. ಎಲ್ಲವನ್ನೂ ಒಂದೇ ದಿನ ಬಿತ್ತುವ ನಮ್ಮ ರೂಢಿಯಲ್ಲಿ ಇದು ಆಗುವುದಿಲ್ಲ.

ಬಿಡುವನ್ನು ಹುಡುಕಲು ನಾನು ಹಿಡಿದದ್ದು ಹವಾಮಾನ ಇಲಾಖೆ ಪ್ರತಿ ಗುರುವಾರ ಹೊರಡಿಸುವ ನಾಲ್ಕು ವಾರಗಳ ಮುನ್ನೋಟವನ್ನು. ಮೊದಲ ಎರಡು ವಾರ ಬಹುಮಟ್ಟಿಗೆ ನಂಬಬಹುದು, ಮೂರನೆಯದು ಮತ್ತು ನಾಲ್ಕನೆಯದು ದಿಕ್ಕು ತೋರಿಸುತ್ತವೆ ಅಷ್ಟೆ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಿಂದ ಮಂಗಳವಾರ ಮತ್ತು ಶುಕ್ರವಾರ ಬರುವ ಕೃಷಿ ಹವಾಮಾನ ಸಲಹೆಯನ್ನು ಗೊಬ್ಬರ, ಔಷಧಿ ಹೊಡೆಯುವ ದಿನಕ್ಕೆ ಬಳಸುತ್ತೇನೆ, ನೆಡುವ ದಿನಕ್ಕಲ್ಲ. ಹೀರೆ ಬಿತ್ತಿದ ಮೇಲೆ ಹೆಣ್ಣು ಹೂ ಬರಲು ಸುಮಾರು ನಲವತ್ತು ದಿನ ಬೇಕು, ಮುನ್ನೋಟ ಅಷ್ಟು ದೂರ ಹೋಗುವುದಿಲ್ಲ. ಇದಕ್ಕೆ ಪರಿಹಾರ ಪ್ರೋಟ್ರೇ, ಅಂದರೆ ಸಸಿ ಎಬ್ಬಿಸುವ ಗುಳಿಗಳ ತಟ್ಟೆ. ತೆಂಗಿನ ನಾರಿನ ಪುಡಿಯಲ್ಲಿ ಬಿತ್ತಿ ಎರಡು ವಾರ ಮಾಡಿನ ಕೆಳಗೆ ಇಟ್ಟರೆ ನೆಟ್ಟ ದಿನದಿಂದ ಹೂವಿಗೆ ಉಳಿಯುವುದು ಮೂರೂವರೆಯಿಂದ ನಾಲ್ಕು ವಾರ, ಅಂದರೆ ಮುನ್ನೋಟದ ಅಳತೆಗೆ ಸರಿಯಾಗಿ ಬಂದು ಕೂರುತ್ತದೆ. ನಾಲ್ಕನೆಯ ವಾರದ ಮೇಲೆ ಪೂರ್ತಿ ಭಾರ ಹಾಕಲಾಗದ್ದರಿಂದ ಹೀರೆಯನ್ನು ಮೂರು ಕಂತು ಮಾಡಿ, ವಾರಕ್ಕೊಂದು ಕಂತಿನಂತೆ ನೆಟ್ಟೆ. ಒಂದು ಕಂತು ಮಳೆಗೆ ಸಿಕ್ಕಿದರೂ ಇನ್ನೆರಡು ಉಳಿಯಬೇಕೆಂಬ ಲೆಕ್ಕ. ನೇರ ಬಿತ್ತಿದರೆ ಮೊಳಕೆಯನ್ನು ನವಿಲು ಬಿಡುವುದೂ ಇಲ್ಲ, ಹಾಗಾಗಿ ಬೆಂಡೆಯನ್ನೂ ಟ್ರೇಯಲ್ಲೇ ಎಬ್ಬಿಸಿದೆ. ಬೆಂಡೆಯ ತಾಯಿಬೇರು ಕದಲಬಾರದು, ಎರಡು ಎಲೆ ಬಿಟ್ಟ ಕೂಡಲೇ ನೆಡಬೇಕು, ಒಂದು ವಾರ ತಡವಾದರೂ ಗಿಡ ಕುಳ್ಳಾಗಿ ನಿಂತುಬಿಡುತ್ತದೆ.

2024ರಲ್ಲಿ ಈ ಕ್ರಮ ಅರ್ಧ ಮಾತ್ರ ಫಲಿಸಿತು. ಆ ಜುಲೈಯ ಮಳೆಗೆ ಶಿರಾಡಿ ಘಾಟಿಯಲ್ಲಿ ಸಕಲೇಶಪುರದ ಬಳಿ ಗುಡ್ಡ ಜರಿದು ರಸ್ತೆ ಬಂದ್ ಆಯಿತು, ಘಟ್ಟದ ಮೇಲಿನಿಂದ ತರಕಾರಿ ತರುವ ಲಾರಿಗಳು ತಡವಾದವು, ಊರ ತರಕಾರಿಗೆ ಬೆಲೆ ಏರಿತು. 2018ರಲ್ಲಿ ಶಿರಾಡಿ, 2019ರಲ್ಲಿ ಚಾರ್ಮಾಡಿ ಮುಚ್ಚಿದಾಗಲೂ ಹೀಗೆಯೇ ಆಗಿತ್ತು. ಆದರೆ ನನ್ನ ಬೆಂಡೆಯ ಅರ್ಧ ಭಾಗ ಮಜಲುಗದ್ದೆಯಲ್ಲಿತ್ತು, ಅಂದರೆ ಬೆಟ್ಟಿಗೂ ತಗ್ಗಿನ ಬೈಲಿಗೂ ನಡುವಿನ ಮಟ್ಟದಲ್ಲಿ. ಒಂದೂವರೆ ಅಡಿ ಎತ್ತರದ ಏರು ಇದ್ದರೂ ಕೆಳಗಿನ ಬೈಲು ತುಂಬಿದಾಗ ಮಜಲಿನ ಕಣಿಯ (ಬಸಿಗಾಲುವೆಯ) ನೀರು ಹೋಗಲು ಜಾಗವಿಲ್ಲದೆ ಹಿಂದಕ್ಕೆ ಬಂದು ಎರಡು ದಿನ ನಿಂತಿತು. ಗಿಡ ಕಿತ್ತು ನೋಡಿದರೆ ಬುಡದ ಸಿಪ್ಪೆ ಕೈಗೆ ಕಳಚಿ ಬರುತ್ತಿತ್ತು, ಒಳಗಿನ ಬೇರು ಕಂದಾಗಿ ಹುಳಿ ವಾಸನೆ. ಬೆಟ್ಟಿನ ಮುರಮಣ್ಣಿನಲ್ಲಿದ್ದ ಸಾಲುಗಳು ಅದೇ ಮಳೆಯನ್ನು ತಡೆದುಕೊಂಡವು. ಬೆಲೆ ಇದ್ದಾಗ ಮಾಲು ಅರ್ಧವೇ ಇದ್ದುದರಿಂದ ಹಾಕಿದ ಅರವತ್ತು ಸಾವಿರ ಹೇಗೋ ಹಿಂದಕ್ಕೆ ಬಂತು, ಲಾಭವೆಂದು ಹೇಳುವಂಥದ್ದು ಏನೂ ಉಳಿಯಲಿಲ್ಲ. ಅಲ್ಲಿಂದ ಮುಂದೆ ಮಳೆಗಾಲದ ತರಕಾರಿಯನ್ನು ಬೆಟ್ಟಿನಿಂದ ಕೆಳಗೆ ಇಳಿಸಿಲ್ಲ. ಜೋರು ಮಳೆ ನಿಂತು ಅರ್ಧ ಗಂಟೆಯಾದರೂ ಕಣಿಯಲ್ಲಿ ನೀರು ಕಾಣುತ್ತಿದ್ದರೆ ಆ ಜಾಗಕ್ಕೆ ಬೆಂಡೆ ಹಾಕಬೇಡಿ. ಇದಕ್ಕೆ ಬೇರೆ ಪರೀಕ್ಷೆ ಬೇಕಾಗಿಲ್ಲ.

2025 ಎಲ್ಲರ ಲೆಕ್ಕವನ್ನೂ ತಪ್ಪಿಸಿದ ವರ್ಷ. ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ರೋಹಿಣಿ ಮಳೆ ಶುರುವಾಗುವ ಮೊದಲೇ ನಮ್ಮ ಗದ್ದೆಯಲ್ಲಿ ನೀರು. ಪಗ್ಗು, ಬೇಶದಲ್ಲಿ (ಏಪ್ರಿಲ್ ನಡುವಿನಿಂದ ಜೂನ್ ನಡುವಿನವರೆಗಿನ ತುಳು ತಿಂಗಳುಗಳು) ಮಣ್ಣು ಒಣಗಿಸಿ ಏರು ಮಾಡುತ್ತೇವೆಂದುಕೊಂಡವರಿಗೆ ಕೆಲಸ ಮುಗಿಸಲು ಆಗಲಿಲ್ಲ. ನಾನು ಏಪ್ರಿಲ್‌ನಲ್ಲೇ ಏರು ಕಟ್ಟಿ, ಹಳೆಯ ಕ್ರಮದ ಸುಡುಮಣ್ಣು ಸೇರಿಸಿ, ಮಲ್ಚಿಂಗ್ ಶೀಟು ಹೊದೆಸಿ ಇಟ್ಟಿದ್ದೆ. ಹಿಂದಿನ ವರ್ಷ ಬೆಟ್ಟಿನಲ್ಲಿ ಉಳಿದ ಸಾಲುಗಳೇ ನನಗೆ ಆ ಧೈರ್ಯ ಕೊಟ್ಟದ್ದು. ಚೌತಿ ಆಗಸ್ಟ್ 27ಕ್ಕೆ ಬಂದಿತ್ತು, ಹಿಂದಿನ ವರ್ಷದ ಸೆಪ್ಟೆಂಬರ್ 7ಕ್ಕಿಂತ ಹನ್ನೊಂದು ದಿನ ಮೊದಲು, 2023ಕ್ಕಿಂತ ಮೂರು ವಾರ ಮೊದಲು. ಬೆಂಡೆ ನಲವತ್ತೈದು ದಿನಕ್ಕೆ ಕೊಯ್ಲಿಗೆ ಬಂದರೂ ಪೂರ್ತಿ ಇಳುವರಿ ಸಿಗುವುದು ಅರವತ್ತು ದಿನದ ಆಸುಪಾಸಿನಲ್ಲಿ. ಆದ್ದರಿಂದ ಚೌತಿಯಿಂದ ಹಿಂದಕ್ಕೆ ಎಣಿಸಿ ಜೂನ್ ಮೂರನೇ ವಾರ ಬೆಂಡೆ, ಅಲಸಂಡೆ ಬಿತ್ತಿದೆ. ಜುಲೈಯ ಜಡಿಮಳೆಯಲ್ಲಿ ಅವು ಬೆಳೆದವು, ಹೂ ಬಿಟ್ಟವು. ಹೀರೆಯ ಮೊದಲ ಕಂತು ಮಳೆಗೆ ಸಿಕ್ಕಿ ಬಹುತೇಕ ಹೀಚು ಉದುರಿಸಿತು. ಎರಡನೆಯ, ಮೂರನೆಯ ಕಂತಿನ ಹೂ ಆಗಸ್ಟ್ ಆರಂಭದಲ್ಲಿ ಮಳೆ ಕುಗ್ಗಿದ ದಿನಗಳಿಗೆ ಸರಿಯಾಗಿ ಬಿದ್ದವು. ಆ ಸಂಜೆಗಳಲ್ಲಿ ನಾವು ಇಬ್ಬರು ಹೆಂಗಸರು ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ತಾಗಿಸುತ್ತ ಚಪ್ಪರದ ಕೆಳಗೆ ನಡೆದೆವು. ಕೈಯಿಂದ ಮುಟ್ಟಿಸಿದ ಸಾಲಿನಲ್ಲಿ ಕಾಯಿ ಸಾಲು ಹಿಡಿದು ಇಳಿದದ್ದನ್ನು ನೋಡಲು ಆಮೇಲೆ ಅಕ್ಕಪಕ್ಕದವರೇ ಬಂದರು.

ಇನ್ನೊಂದು ಅನುಕೂಲವೂ ಆ ವರ್ಷ ಒದಗಿತು. ಉಡುಪಿಯಲ್ಲಿ ಕೃಷ್ಣಾಷ್ಟಮಿಯನ್ನು ಸೌರಮಾನದಂತೆ ಆಚರಿಸುವುದರಿಂದ ಅದು ಸೆಪ್ಟೆಂಬರ್ 14ಕ್ಕೆ, ಅಂದರೆ ಚೌತಿಯ ನಂತರ ಬಂತು. ಹಬ್ಬ ಮುಗಿದ ಕೂಡಲೇ ಬೆಲೆ ಕುಸಿಯುವುದು ವಾಡಿಕೆ, ಆದರೆ ಈ ಸಲ ಎರಡು ಹಬ್ಬಗಳ ನಡುವೆ ಬೇಡಿಕೆ ಇಳಿಯಲೇ ಇಲ್ಲ. ಘಟ್ಟದ ಬೆಂಡೆ ಕಿಲೋಗೆ ನಲವತ್ತು ಇದ್ದಾಗ ನಮ್ಮ ಊರ ತಳಿಯಾದ ಹಾಲುಬೆಂಡೆ ಎಂಬತ್ತಕ್ಕೆ ಕಡಿಮೆ ಇಳಿಯಲಿಲ್ಲ, ಚೌತಿಯ ಮುನ್ನಾ ದಿನ ನೂರಿಪ್ಪತ್ತರವರೆಗೂ ಹೋಯಿತು. ಅಲಸಂಡೆ ಎಪ್ಪತ್ತೈದು, ಹೀರೆ ಐವತ್ತರ ಸುತ್ತ. ಹರಿವೆ ದಂಟನ್ನು ಐದು ಸೆಂಟ್ಸ್‌ನಲ್ಲಿ ಪ್ಲಾಸ್ಟಿಕ್ ಮಾಡಿನ ಕೆಳಗೆ ಹಾಕಿದ್ದೆ, ಅದೊಂದೇ ಹದಿನೈದು ಸಾವಿರಕ್ಕೆ ಹೋಯಿತು. ಒಟ್ಟು 1.4 ಲಕ್ಷದ ಆಸುಪಾಸು ಬಂತು, ಖರ್ಚು ಅರವತ್ತೈದು ಸಾವಿರದಷ್ಟು. ಖರ್ಚಿನಲ್ಲಿ ಅರ್ಧದಷ್ಟು ಆಳಿನ ಸಂಬಳ. ಚಪ್ಪರದ ಬಲೆ, ಬಿದಿರು ಹಿಂದಿನ ವರ್ಷದ್ದೇ. ಹೊಸದಾಗಿ ಮಾಡುವವರು ಇನ್ನೂ ಮೂವತ್ತು ಸಾವಿರ ಸೇರಿಸಿಕೊಳ್ಳಬೇಕು. ಮಾಲನ್ನು ಕಮಿಷನ್‌ಗೆ ಹಾಕಲಿಲ್ಲ. ಹಿಂದಿನ ವರ್ಷ ಒಬ್ಬ ವ್ಯಾಪಾರಿ ತೂಕದಲ್ಲೂ ದರದಲ್ಲೂ ಕಡಿತ ಹಿಡಿದಿದ್ದರಿಂದ, ಈ ಸಲ ಆದಿಉಡುಪಿಯ ಸಂತೆಗೂ ಒಂದೆರಡು ಅಡುಗೆಯವರಿಗೂ ನೇರವಾಗಿ ಕೊಟ್ಟೆ. ಆ ಅಡುಗೆಯವರು ಯಾರೆಂಬುದನ್ನೂ, ಹಾಲುಬೆಂಡೆಯ ಬೀಜವನ್ನು ಬಿತ್ತುವ ಹಿಂದಿನ ರಾತ್ರಿ ಯಾವುದರಲ್ಲಿ ನೆನೆಸುತ್ತೇನೆಂಬುದನ್ನೂ ಇಲ್ಲಿ ಬರೆಯುವುದಿಲ್ಲ. ಬೀಜ ಬೇಕಾದವರು ಮನೆಗೆ ಬಂದರೆ ಕೊಡುತ್ತೇನೆ.

ಇದರ ಜೊತೆಗೆ ಮಾಡಿದ ಬೇರೆ ಪ್ರಯೋಗಗಳನ್ನೂ ಹೇಳಬೇಕು, ಯಾಕೆಂದರೆ ಹಲವರು ಈಗ ಸ್ಟ್ರಾಬೆರಿಯ ಬಗ್ಗೆ ಕೇಳುತ್ತಿದ್ದಾರೆ. ಮಹಾಬಳೇಶ್ವರದ ಕಡೆಯಿಂದ ಸಸಿ ತರಿಸಿ ಒಂದು ಅಕ್ಟೋಬರ್‌ನಲ್ಲಿ ನೆರಳುಬಲೆಯ ಕೆಳಗೆ ನೆಟ್ಟಿದ್ದೆ. ಗಿಡ ಸೊಂಪಾಗಿ ಬೆಳೆದು ಬಳ್ಳಿ ಹರಿಯಿತೇ ಹೊರತು ಹೂ ಬಂದದ್ದು ಬಹಳ ಕಡಿಮೆ, ಬಂದ ಹಣ್ಣು ಗೋಲಿಯಷ್ಟು, ಹುಳಿ. ಅದಕ್ಕೆ ಹೂ ಕಟ್ಟಲು ತಂಪು ರಾತ್ರಿ ಬೇಕು, ನಮ್ಮಲ್ಲಿ ಜನವರಿಯ ರಾತ್ರಿಯೂ 20 ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ಎಂಟು ಸಾವಿರ ಹೋಯಿತು. ಕರಾವಳಿಯಲ್ಲಿ ಅದಕ್ಕೆ ಹಣ ಹಾಕುವುದು ಬೇಡ ಎಂದು ಗಟ್ಟಿಯಾಗಿ ಹೇಳಬಲ್ಲೆ. ಅದರ ಬದಲು ಬೇಲಿಯ ಉದ್ದಕ್ಕೂ ಕರಂಡೆ ನೆಟ್ಟಿದ್ದೇನೆ, ಮುಳ್ಳಿನಿಂದ ಕಾಡುಹಂದಿಗೆ ಸ್ವಲ್ಪ ತಡೆಯಾಗುತ್ತದೆ, ಕಾಯಿಗೆ ಉಪ್ಪಿನಕಾಯಿಯವರಿಂದ ಬೇಡಿಕೆ ಇದೆ.

ಗುಳ್ಳದ (ದುಂಡು ಬದನೆಯ) ಪ್ರಯೋಗ ಚೆನ್ನಾಗಿ ಬಂದಿದೆ. ಉಡುಪಿ ಬಳಿಯ ಮಟ್ಟು ಊರಿನ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ, ಆ ಸೂಚಕದ ಗಡಿಯ ಹೊರಗೆ ಬೆಳೆದದ್ದನ್ನು ಆ ಹೆಸರಿನಲ್ಲಿ ಮಾರುವ ಹಾಗಿಲ್ಲ, ನಾನು ಮಾರುವುದೂ ಇಲ್ಲ. ಆದರೆ ನಮ್ಮ ಹುಳಿ ಮಣ್ಣಿನಲ್ಲಿ ಯಾವ ಬದನೆ ನೆಟ್ಟರೂ ಕಾಯಿ ಹಿಡಿಯುವ ಹೊತ್ತಿಗೆ ಬಾಡು ರೋಗದಿಂದ ನಿಂತಲ್ಲೇ ಜೋತು ಬೀಳುತ್ತಿತ್ತು. ಕುದನೆ (ಕಾಡುಬದನೆ) ಗಿಡದ ಬುಡಕ್ಕೆ ಕಸಿ ಕಟ್ಟಿದ ಮೇಲೆ ಹತ್ತರಲ್ಲಿ ಎಂಟು ಗಿಡ ಉಳಿಯುತ್ತಿವೆ. ಕುದನೆಯ ಬೀಜ ಮೊಳೆಯುವುದು ನಿಧಾನ, ಆದ್ದರಿಂದ ಬದನೆಗಿಂತ ಮೂರು ನಾಲ್ಕು ವಾರ ಮೊದಲು ಬಿತ್ತಬೇಕು. ಜನವರಿಯಲ್ಲಿ ಉಡುಪಿ ಕೃಷ್ಣಮಠದ ಪರ್ಯಾಯ ಉತ್ಸವ ಇರುವ ವರ್ಷ ಬದನೆಗೆ ಬೇಡಿಕೆ ಏರುತ್ತದೆ ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಂಡು ಈ ಸಲ ಕಸಿಯನ್ನು ಹೆಚ್ಚು ಮಾಡಿದ್ದೇನೆ.

ಮುಂದಿನ ಲೆಕ್ಕ ಕಲ್ಲಂಗಡಿಯದು. ಏಣಿಲು (ಮುಂಗಾರಿನ) ಭತ್ತ ಕೊಯ್ದ ಮಜಲುಗದ್ದೆಯಲ್ಲಿ ಡಿಸೆಂಬರ್ ಕೊನೆಗೆ ಬಿತ್ತಿ ಮಾರ್ಚ್‌ನಲ್ಲಿ ಕೊಯ್ಯುವುದು ಇಲ್ಲಿನ ರೂಢಿ. ಒಳ್ಳೆಯ ದರ ಸಿಗುವುದು ರಂಜಾನ್ ಉಪವಾಸದ ತಿಂಗಳಲ್ಲಿ, ಮತ್ತು ಅದು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2023ರಲ್ಲಿ ಮಾರ್ಚ್ ಕೊನೆಯಲ್ಲಿ ಆರಂಭವಾದ ಉಪವಾಸ 2026ರಲ್ಲಿ ಫೆಬ್ರವರಿ ಮೂರನೇ ವಾರಕ್ಕೆ, 2027ರಲ್ಲಿ ಎರಡನೇ ವಾರಕ್ಕೆ ಬರುತ್ತದೆ. ಎಪ್ಪತ್ತೈದು ದಿನ ಹಿಂದಕ್ಕೆ ಎಣಿಸಿದರೆ 2026ಕ್ಕೆ ಡಿಸೆಂಬರ್ ಮೊದಲ ವಾರ, 2027ಕ್ಕೆ ನವೆಂಬರ್ ಕೊನೆ. ಆಗ ಚಂಡಮಾರುತದ ಮಳೆಯ ಭಯ ಇನ್ನೂ ಹೋಗಿರುವುದಿಲ್ಲ, ಗದ್ದೆಯ ತೇವವೂ ಆರಿರುವುದಿಲ್ಲ. ಆದ್ದರಿಂದ ಈ ಸಲ ಕಲ್ಲಂಗಡಿಯನ್ನೂ ಟ್ರೇಯಲ್ಲಿ ಎಬ್ಬಿಸಿ, ಗುರುವಾರದ ಮುನ್ನೋಟದಲ್ಲಿ ಎರಡು ವಾರ ಒಣ ಹವೆ ಕಂಡ ಮೇಲೆ ಮೊದಲ ಕಂತನ್ನು ಬೆಟ್ಟಿನಲ್ಲಿ, ಎರಡನೆಯದನ್ನು ಮಜಲಿನಲ್ಲಿ ನೆಡುತ್ತೇನೆ. ಬೀಜ ಈಗಾಗಲೇ ಬಂದಿದೆ, ಎರಡೂ ಕಡೆಯ ತೂಕ ಮತ್ತು ದರವನ್ನು ಕೊಯ್ಲು ಮುಗಿದ ಮೇಲೆ ಬರೆಯುತ್ತೇನೆ.