ಗುಡುಗು-ಮಳೆ ಕಳೆದ ಮೇಲೆ ಕಂಪ್ಯೂಟರ್ ಏಳದಿದ್ದರೆ

ಏಪ್ರಿಲ್, ಮೇ ಬಂತೆಂದರೆ ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಸಂಜೆ ಹೊತ್ತು ಗುಡುಗು ಶುರು. ಮಳೆ ನಿಂತು, ಕರೆಂಟು ಬಂದು, ಕಂಪ್ಯೂಟರಿನ ಗುಂಡಿ ಒತ್ತಿದರೆ ಉಸಿರೇ ಇಲ್ಲ. 'ಹೋಯ್ತು, ಹೊಸದೇ ತರಬೇಕು' ಎಂದು ಕೈಚೆಲ್ಲುವವರನ್ನು ಕಂಡರೆ ಬೇಜಾರಾಗುತ್ತದೆ. ಎಷ್ಟೋ ಸಲ ಕೆಟ್ಟಿರುವುದು ಪವರ್ ಸಪ್ಲೈ ಮಾತ್ರ. ಅಂಗಡಿಯವರು ಎಸ್‌ಎಂಪಿಎಸ್ ಎನ್ನುವ ತಗಡಿನ ಡಬ್ಬಿ ಅದು. ಗೋಡೆಯಿಂದ ಬರುವ 230 ವೋಲ್ಟ್ ಎಸಿಯನ್ನು 12, 5, 3.3 ವೋಲ್ಟ್ ಡಿಸಿ ಮಾಡಿ ಒಳಗೆ ಹಂಚುತ್ತದೆ.

ಮೊದಲು ಸುಲಭದ್ದು ನೋಡಿ. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ. ಕಂಪ್ಯೂಟರಿನ ಹಿಂದಿರುವ ಪುಟ್ಟ ಸ್ವಿಚ್ಚು ಕಸ ಗುಡಿಸುವಾಗ ಕೈತಾಗಿ ಆಫ್ ಆಗಿರಬಹುದು. ಮಾನಿಟರಿನ ಪವರ್ ಕೇಬಲ್ ಸಾಮಾನ್ಯವಾಗಿ ಇದಕ್ಕೂ ಕೂರುತ್ತದೆ, ಬದಲಿಸಿ ನೋಡಿ. ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಗೋಡೆಗೆ ಹಾಕಿ.

ಆಗಲೂ ಏಳಲಿಲ್ಲವಾ? ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು, ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ. ಮೂಗು ಹತ್ತಿರ ತನ್ನಿ. ಡಬ್ಬಿಯಿಂದ ಸುಟ್ಟ ವಾಸನೆ ಬಂದರೆ ಮತ್ತೆ ಕರೆಂಟು ಕೊಡಬೇಡಿ, ಬದಲಿಸಿಬಿಡಿ. ಹೋದ ವರ್ಷ ನಮ್ಮ ಅತ್ತೆ ಮನೆಯಲ್ಲಿ ಹಾಗೇ ಆಯಿತು. ಫ್ಯಾನಿನ ಜಾಲರಿಯೊಳಗೆ ಕಣಜ ಬೆರಳುದ್ದದ ಮಣ್ಣಿನ ಗೂಡು ಕಟ್ಟಿತ್ತು. ರೆಕ್ಕೆ ತಿರುಗದೆ ಡಬ್ಬಿ ಬೆಂದುಹೋಗಿತ್ತು.

ವಾಸನೆ ಇಲ್ಲದಿದ್ದರೆ ಒಂದು ಪರೀಕ್ಷೆ ಇದೆ. ಡಬ್ಬಿಯಿಂದ ಹೊರಟ ಕನೆಕ್ಟರುಗಳನ್ನೆಲ್ಲ ಬಿಡಿಸಿ. 24 ಪಿನ್ನಿನ ಅಗಲದ ಕನೆಕ್ಟರಿನಲ್ಲಿ ಹಸಿರು ವೈರು ಒಂದೇ ಇರುತ್ತದೆ. ಪ್ಲಗ್ ಕಿತ್ತಿರುವಾಗಲೇ ಜೆಮ್ ಕ್ಲಿಪ್ಪನ್ನು ಬಿಡಿಸಿ ಬಗ್ಗಿಸಿ, ಒಂದು ತುದಿಯನ್ನು ಹಸಿರು ವೈರಿನ ತೂತಿಗೂ ಇನ್ನೊಂದನ್ನು ಪಕ್ಕದ ಕಪ್ಪು ವೈರಿನ ತೂತಿಗೂ ಸಿಕ್ಕಿಸಿ. ಕೈ ತೆಗೆದ ಮೇಲೆ ಪ್ಲಗ್ ಹಾಕಿ, ಸ್ವಿಚ್ ಒತ್ತಿ. ಫ್ಯಾನ್ ಅಲುಗದಿದ್ದರೆ ಬಹುತೇಕ ಡಬ್ಬಿ ಹೋಗಿದೆ ಎಂದೇ ಲೆಕ್ಕ. ತಿರುಗಿದರೆ ಪೂರ್ತಿ ಸರಿಯಿದೆ ಅಂತಲ್ಲ. ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ನೋಡಿ: ಹಳದಿ ವೈರಿನಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಒಳಗಿರಬೇಕು. ವೈರೆಲ್ಲ ಕಪ್ಪೇ ಆಗಿದ್ದರೆ, ಕನೆಕ್ಟರ್ ಬೇರೆ ಥರ ಇದ್ದರೆ, ಈ ಪರೀಕ್ಷೆ ಅಂಗಡಿಯವರಿಗೇ ಬಿಡಿ.

ಒಂದು ಮಾತು ದಯವಿಟ್ಟು ಕೇಳಿ. ಆ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಒಳಗಿನ ಕೆಪಾಸಿಟರುಗಳಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿನಷ್ಟು ಉಳಿದಿರಬಹುದು. ಜೀವಕ್ಕೇ ಅಪಾಯ.

ಹೊಸದು ಕೊಳ್ಳಲು ಶಿವಮೊಗ್ಗಕ್ಕೆ ಹೋಗುವಾಗ ಹಳೆಯದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಳತೆ, ಕನೆಕ್ಟರ್ ಎರಡೂ ಹೊಂದಬೇಕಲ್ವಾ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆ ಕಂಪ್ಯೂಟರಿಗೆ 450 ವ್ಯಾಟ್ ಧಾರಾಳ. ಡಬ್ಬಿಯ ಮೇಲೆ 80 ಪ್ಲಸ್ ಗುರುತು, ಅಂದರೆ ಕರೆಂಟು ಕಡಿಮೆ ಪೋಲು ಮಾಡುತ್ತದೆ ಎನ್ನುವ ಗುರುತು, ಇದೆಯಾ ನೋಡಿ. ತೀರಾ ಅಗ್ಗದ್ದು ಬೇಡ, ಅದು ಕೆಡುವಾಗ ಮದರ್‌ಬೋರ್ಡನ್ನೂ ಕೆಡಿಸಬಹುದು. ಜೋಡಿಸುವುದು ಕಷ್ಟವಿಲ್ಲ, ಹಿಂದೆ ನಾಲ್ಕು ಸ್ಕ್ರೂ ಅಷ್ಟೇ. ಪ್ರೊಸೆಸರ್ ಹತ್ತಿರ ಹೋಗುವ 4 ಅಥವಾ 8 ಪಿನ್ನಿನ ಕನೆಕ್ಟರ್ ಮರೆಯಬೇಡಿ. ಅದು ಬಿಟ್ಟುಹೋದರೆ ಫ್ಯಾನ್ ತಿರುಗಿದರೂ ಪರದೆ ಮೇಲೆ ಏನೂ ಬರುವುದಿಲ್ಲ. ಡಬ್ಬಿಯ ಕಡೆಯೂ ಬಿಚ್ಚಿ ಹಾಕುವ ಕೇಬಲ್ಲುಗಳಿದ್ದರೆ ಹೊಸದರ ಜೊತೆ ಬಂದದ್ದನ್ನೇ ಬಳಸಿ. ಹಳೆಯವು ಕೂತರೂ ಒಳಗಿನ ಜೋಡಣೆ ಬೇರೆ ಇರಬಹುದು.

ಬೇಸಿಗೆಯಲ್ಲಿ ನೆಲ ಒಣಗಿದರೆ ಅರ್ಥಿಂಗ್ ದುರ್ಬಲವಾಗುತ್ತದೆ, ಅರ್ಥಿಂಗ್ ಹೂತ ನೆಲದ ಗುಂಡಿಗೆ ಆಗಾಗ ಎರಡು ಕೊಡ ನೀರು ಹಾಕಿ. ದೂರದ ಗುಡ್ಡದಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಿ, ಇಂಟರ್ನೆಟ್ ಕೇಬಲ್ಲನ್ನೂ ಕೀಳಿ. ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಗುಡುಗು ತಲೆಯ ಮೇಲೇ ಬಂದಿದ್ದರೆ ಎರಡನ್ನೂ ಮುಟ್ಟಬೇಡಿ.