ಸುತ್ತಿಗೆ ಹಿಡಿಯುವಾಗಲೂ ಕನ್ನಡಕ ಬೇಕು

ಪೀಣ್ಯದ ಒಂದು ಚಿಕ್ಕ ಮಷಿನ್ ಶಾಪಿನಲ್ಲಿ ಫಿಟ್ಟಿಂಗ್ ಕೆಲಸ ನೋಡಿಕೊಳ್ಳುತ್ತೇನೆ. ಗ್ರೈಂಡರ್ ಮುಂದೆ ನಿಂತರೆ ಕನ್ನಡಕ ಹಾಕಬೇಕು ಅಂತ ನಮ್ಮ ಹುಡುಗರಿಗೆ ಹೇಳಬೇಕಾಗಿಲ್ಲ, ಕಿಡಿ ಎದುರಿಗೇ ಕಾಣುತ್ತದೆ ಅಲ್ವಾ. ಸುತ್ತಿಗೆ, ಚಿಸಲ್ (ಉಳಿ) ಹಿಡಿದಾಗ ಮಾತ್ರ ತೆಗೆದಿಟ್ಟುಬಿಡುತ್ತಾರೆ. ನನಗೆ ಜಾಸ್ತಿ ಭಯ ಅದೇ. ಗ್ರೈಂಡರಿನ ಕಣ ಹೆಚ್ಚಾಗಿ ಕಣ್ಣಿನ ಮೇಲ್ಪದರದಲ್ಲೇ ಸಿಕ್ಕಿಕೊಳ್ಳುತ್ತದೆ, ಉರಿ ಬರುತ್ತದೆ, ನೀರು ಸುರಿಯುತ್ತದೆ, ಗೊತ್ತಾಗುತ್ತದೆ. ಸುತ್ತಿಗೆ ಏಟಿಗೆ ಸಿಡಿದ ಉಕ್ಕಿನ ಚೂರು ಕಣ್ಣನ್ನು ತೂರಿ ಒಳಗೇ ಹೋಗಿಬಿಡಬಹುದು, ಕೆಲವೊಮ್ಮೆ ನೋವೂ ಅಷ್ಟು ಇರುವುದಿಲ್ಲ, ಒಳಗೆ ಉಳಿದ ಕಬ್ಬಿಣ ನಿಧಾನವಾಗಿ ದೃಷ್ಟಿಯನ್ನೇ ತಿನ್ನುತ್ತದೆ.

ಮೊದಲು ಚಿಸಲ್‌ಗಳನ್ನೆಲ್ಲ ಹೊರಗೆ ತೆಗೆಸಿ ನೋಡಿದೆ. ಏಟು ತಿಂದು ತಿಂದು ತಲೆ ಅಣಬೆಯಂತೆ ಅಗಲವಾಗಿರುತ್ತದೆ, ಆ ಅಂಚೇ ಸಿಡಿಯುವುದು. ಅಂಚು ಪೂರ್ತಿ ಹೋಗುವವರೆಗೆ ಗ್ರೈಂಡ್ ಮಾಡಿಸಿದೆ. ಈಗ ಚಿಸಲ್ ಕೊಡುವಾಗ ತಲೆ ನೋಡಿಯೇ ಕೊಡುತ್ತೇನೆ. ಬೇರಿಂಗ್ ಕೂರಿಸುವಾಗ ಅದರ ರೇಸಿಗೆ, ಅಂದರೆ ಉಕ್ಕಿನ ಬಳೆಗೆ, ನೇರ ಸುತ್ತಿಗೆ ಏಟು ಬಂದ್. ಅದು ಗಟ್ಟಿ ಉಕ್ಕು, ಗಾಜಿನ ಹಾಗೆ ಚೂರು ಹಾರುತ್ತದೆ. ಒತ್ತಿ ಕೂರಿಸುವ ಪ್ರೆಸ್ ಇದ್ದರೆ ಅದು, ಬಿಚ್ಚಲು ಎಳೆದು ತೆಗೆಯುವ ಪುಲ್ಲರ್. ಒಂದು ಸುತ್ತಿಗೆಯನ್ನು ಇಟ್ಟು ಇನ್ನೊಂದರಿಂದ ಹೊಡೆಯುವುದಂತೂ ಬೇಡವೇ ಬೇಡ.

ಕನ್ನಡಕದ ವಿಷಯಕ್ಕೆ ಬಂದರೆ, ಒಂದೇ ಡಬ್ಬಿಯಲ್ಲಿ ಎಲ್ಲರಿಗೂ ಸೇರಿ ಇಟ್ಟರೆ ಗೀರು ಬಿದ್ದು ಮಂಜಾಗುತ್ತವೆ, ಯಾರೂ ಹಾಕುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೊಡಿಸಿದೆ, ಪಾಲಿಕಾರ್ಬೊನೇಟ್, ಪಕ್ಕಕ್ಕೂ ಮರೆ ಇರುವಂಥದ್ದು. ಪವರ್ ಕನ್ನಡಕ ಇರುವವರಿಗೆ ಅದರ ಮೇಲೆಯೇ ಹಾಕುವ ದೊಡ್ಡದು. ಮಾಲೀಕರು ಖರ್ಚು ಅಂದಾಗ ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 35ನೇ ಸೆಕ್ಷನ್ ತೋರಿಸಿದೆ, ಕಣ್ಣಿನ ರಕ್ಷಣೆಗೆಂದೇ ಇದ್ದದ್ದು ಅದು. ಮಾತು ಅಲ್ಲಿಗೆ ಮುಗಿಯಿತು.

ಇಷ್ಟಾದರೂ ಏನಾದರೂ ಹಾರಿದರೆ? ಪಕ್ಕದವನು ಕರ್ಚೀಫಿನ ತುದಿ ಸುತ್ತಿ ತೆಗೆಯಲು ಬರುತ್ತಾನೆ, ಪ್ರೀತಿಯಿಂದಲೇ. ಬಿಡಬೇಡಿ. ಕಡ್ಡಿ, ಅಯಸ್ಕಾಂತ ಯಾವುದೂ ಬೇಡ, ಉಜ್ಜಬೇಡಿ, ಒತ್ತಬೇಡಿ. ಚೂರು ಒಳಗೆ ಹೋದ ಅನುಮಾನ ಇದ್ದರೆ ನೀರಿನಿಂದ ತೊಳೆಯುವುದೂ ಬೇಡ. ಕಣ್ಣಿಗೆ ತಾಗದಂತೆ ಪೇಪರ್ ಲೋಟ ಮುಚ್ಚಿ ಟೇಪ್ ಹಾಕಿ, ನೇರ ಕಣ್ಣಿನ ಆಸ್ಪತ್ರೆಗೆ ಹೊರಡಿ. ಅಲ್ಲಿ ಸುಮ್ನೆ "ಏನೋ ಬಿತ್ತು" ಅನ್ನಬೇಡಿ. ಸುತ್ತಿಗೆಯಿಂದ ಹೊಡೆಯುವಾಗ ಆಯಿತು, ಉಕ್ಕಿನ ಚೂರು ಇರಬಹುದು ಅಂತ ಬಿಡಿಸಿ ಹೇಳಿ. ಆಗ ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್ ಮಾಡಿ ಹುಡುಕುತ್ತಾರೆ. ಕಬ್ಬಿಣ ಒಳಗಿದ್ದಾಗ ಎಂಆರ್‌ಐ ಮಾಡಿದರೆ ಅದರ ಅಯಸ್ಕಾಂತಕ್ಕೆ ಚೂರು ಅಲುಗಾಡಿ ಇನ್ನಷ್ಟು ಹಾಳು ಮಾಡುತ್ತದೆ, ಆದ್ದರಿಂದ ಈ ಮಾತನ್ನು ಜೊತೆಗೆ ಹೋದವರೂ ಹೇಳಲೇಬೇಕು.