ಸಮಾಲೋಚನೆಯ ರೆಕಾರ್ಡಿಂಗ್: ಕಡಿಮೆ ದುಡ್ಡಿನಲ್ಲಿ ಮೈಕ್, ಕ್ಯಾಮೆರಾ ಆರಿಸುವುದು ಹೇಗೆ?

ಆಪ್ತಸಮಾಲೋಚನೆ ಕಲಿಯುತ್ತಿರುವ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ), ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಸೂಪರ್‌ವೈಸರ್ ಒಂದಲ್ಲ ಒಂದು ದಿನ ಹೇಳುತ್ತಾರೆ: ‘ಮುಂದಿನ ಸಲ ರೆಕಾರ್ಡ್ ಮಾಡಿಕೊಂಡು ಬನ್ನಿ’. ನೆನಪಿನಿಂದ ಬರೆದ ವರದಿಯಲ್ಲಿ ನಾವು ಯಾವಾಗಲೂ ಜಾಣರೇ. ಎದುರಿನವರು ಉಸಿರೆಳೆದುಕೊಳ್ಳುವಷ್ಟರಲ್ಲಿ ನಾವು ಬಾಯಿ ಹಾಕಿದ್ದು ಗೊತ್ತಾಗುವುದು ರೆಕಾರ್ಡಿಂಗ್ ಕೇಳಿದಾಗಲೇ.

ಇದು ಹೊಸ ಪದ್ಧತಿಯೇನಲ್ಲ. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಮತ್ತು ಅವರ ವಿದ್ಯಾರ್ಥಿಗಳು 1940ರ ಆಸುಪಾಸಿನಲ್ಲೇ ಸಮಾಲೋಚನೆಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಹಿಡಿದಿಡುತ್ತಿದ್ದರು. ತಟ್ಟೆಯ ಒಂದು ಮುಖಕ್ಕೆ ಸುಮಾರು 3 ನಿಮಿಷದ ಮಾತು ಮಾತ್ರ ಹಿಡಿಯುತ್ತಿತ್ತು. ಒಂದು ಯಂತ್ರ ಓಡುತ್ತಿರುವಾಗ ಇನ್ನೊಂದಕ್ಕೆ ತಟ್ಟೆ ಹಾಕಿಕೊಂಡು ಕಾಯಬೇಕಿತ್ತು. ಅವರಿಗೆ ಹೋಲಿಸಿದರೆ ನಮ್ಮದು ಸುಖದ ಕೆಲಸ.

ಆದರೂ ಅಂಗಡಿಗೆ ಹೋಗುವ ಮೊದಲು ಒಂದು ಪ್ರಶ್ನೆ. ಈ ರೆಕಾರ್ಡಿಂಗ್ ಯಾರಿಗಾಗಿ? ಕಲಿಯುತ್ತಿರುವ ನಿಮಗಾಗಿ, ಅಲ್ವಾ? ಹಾಗಾದರೆ ಮೊದಲು ಇಬ್ಬರ ಮಾತೂ ಕೇಳಬೇಕು. ಆಮೇಲೆ ನಿಮ್ಮ ಮುಖ ಕಾಣಬೇಕು. ಎದುರಿನವರ ಮುಖ ಕೊನೆಯದು. ದುಡ್ಡನ್ನೂ ಇದೇ ಕ್ರಮದಲ್ಲಿ ಖರ್ಚು ಮಾಡಿ.

1. ಮೊದಲು ಒಪ್ಪಿಗೆ

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 23ನೇ ಸೆಕ್ಷನ್ ಪ್ರಕಾರ ಮಾನಸಿಕ ಕಾಯಿಲೆ ಇರುವವರಿಗೆ ತಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿ ಉಳಿಯಬೇಕೆಂದು ಕೇಳುವ ಹಕ್ಕಿದೆ. ಕಾಯಿಲೆ ಇಲ್ಲದೆ ಬರೀ ಮನಸ್ಸು ಹಗುರ ಮಾಡಿಕೊಳ್ಳಲು ಬಂದವರ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ಒಪ್ಪಿಗೆಯನ್ನು ಬರೆಸಿಕೊಳ್ಳಿ, ಕನ್ನಡದಲ್ಲೇ ಬರೆಸಿಕೊಳ್ಳಿ. ಯಾರು ಕೇಳುತ್ತಾರೆ, ಎಲ್ಲಿ ಇಡುತ್ತೀರಿ, ಯಾವ ತಾರೀಕಿಗೆ ಅಳಿಸುತ್ತೀರಿ ಎನ್ನುವುದು ಅದರಲ್ಲಿರಲಿ. ಮಧ್ಯದಲ್ಲಿ ‘ಬೇಡ, ನಿಲ್ಲಿಸಿ’ ಅಂದರೆ ನಿಲ್ಲಿಸುತ್ತೀರಿ, ಅದರಿಂದ ಅವರಿಗೆ ಸಿಗುವ ನೆರವೇನೂ ಕಡಿಮೆಯಾಗುವುದಿಲ್ಲ ಎನ್ನುವುದೂ ಇರಲಿ. 18 ತುಂಬದವರಾದರೆ ತಂದೆ–ತಾಯಿ ಅಥವಾ ಪೋಷಕರ ಸಹಿ ಬೇಕು. ಮಗುವನ್ನೂ ಕೇಳಿ.

ಮುಖ ಬೇಡ, ಮಾತು ಮಾತ್ರ ಆಗಬಹುದು ಎನ್ನುವವರು ಬಹಳ ಜನ. ಆಗ ಕ್ಯಾಮೆರಾವನ್ನು ನಿಮ್ಮ ಕಡೆಗೇ ತಿರುಗಿಸಿ. ಕಲಿಕೆಗೆ ಇದರಿಂದ ನಷ್ಟವೇನೂ ಆಗದು.

2. ಕೋಣೆಗೆ ಕಿವಿ ಕೊಡಿ

ಇದಕ್ಕೆ ಕಾಸು ಬೇಡ. ಕೋಣೆಯ ಬಾಗಿಲು ಹಾಕಿ, ಒಂದು ಸಲ ಚಪ್ಪಾಳೆ ತಟ್ಟಿ. ಟಣ್ ಎಂದು ಸದ್ದು ಮರಳಿ ಬಂದರೆ ಟೈಲ್ಸ್ ನೆಲ, ಬರಿಗೋಡೆಯ ಕಾಟ. ದಪ್ಪ ಪರದೆ, ಜಮಖಾನ, ಪುಸ್ತಕದ ಕಪಾಟು ಇದ್ದರೆ ಅರ್ಧ ತೊಂದರೆ ತೀರುತ್ತದೆ. ರಸ್ತೆ ಕಡೆಯ ಕೋಣೆಗಿಂತ ಹಿಂದಿನದು ವಾಸಿ. ಸೀಲಿಂಗ್ ಫ್ಯಾನ್ ನಮ್ಮ ದೊಡ್ಡ ಶತ್ರು. ಬೇಸಿಗೆಯಲ್ಲಿ ಅದನ್ನು ಆರಿಸಿ ಕೂರಿ ಎನ್ನಲಾಗುವುದಿಲ್ಲ. ಕುರ್ಚಿಗಳನ್ನು ಫ್ಯಾನಿನ ನೇರ ಕೆಳಗಿನಿಂದ ಸರಿಸಿ, ವೇಗ ಇಳಿಸಿ.

3. ಮೈಕ್: ದುಡ್ಡು ಹಾಕುವ ಜಾಗ ಇದೇ

ಮೈಕ್ ಬಾಯಿಂದ ದುಪ್ಪಟ್ಟು ದೂರ ಹೋದರೆ ಮೈಕಿಗೆ ನೇರವಾಗಿ ತಲುಪುವ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಫ್ಯಾನಿನ ಸದ್ದು ಮಾತ್ರ ಹಾಗೇ ಇರುತ್ತದೆ. ಮೂಲೆಯಲ್ಲಿ ಟ್ರೈಪಾಡ್ ಮೇಲೆ ನಿಲ್ಲಿಸಿದ ದುಬಾರಿ ಕ್ಯಾಮೆರಾಕ್ಕಿಂತ ಮೇಜಿನ ಮೇಲಿಟ್ಟ ಸಾಧಾರಣ ಫೋನ್ ಮಾತನ್ನು ಚೆನ್ನಾಗಿ ಹಿಡಿಯುವುದು ಇದಕ್ಕೇ.

ಎಲ್ಲಕ್ಕಿಂತ ಅಗ್ಗದ ದಾರಿ ವೈರ್ ಇರುವ ಕಾಲರ್ ಮೈಕ್. ಬೋಯಾ ಬಿವೈ-ಎಂ1 ಎಂಬುದು ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ವೈರ್ 6 ಮೀಟರ್ ಉದ್ದ. ಒಳಗೆ ಗುಂಡಿ ಸೆಲ್ ಇದೆ, ಫೋನಿಗೋ ಕ್ಯಾಮೆರಾಕ್ಕೋ ಎಂದು ಬದಲಿಸಿಕೊಳ್ಳಲು ಒಂದು ಸ್ವಿಚ್ ಇದೆ. ಒಂದೇ ಪಿನ್‌ಗೆ ಎರಡು ಮೈಕ್ ಇರುವ ಜೋಡಿ ಮಾದರಿಯೂ ಬರುತ್ತದೆ. ನಮ್ಮ ಕೆಲಸಕ್ಕೆ ಅದೇ ಸರಿ. ಫೋನಿನಲ್ಲಿ ಇಯರ್‌ಫೋನ್ ತೂತು ಇಲ್ಲದಿದ್ದರೆ ಟೈಪ್-ಸಿ ಕನೆಕ್ಟರ್ ಬೇಕು. ಹಾಡು ಕೇಳಲು ಮಾತ್ರ ಬರುವ ಕನೆಕ್ಟರ್‌ಗಳೂ ಇವೆ. ಮೈಕ್ ನಡೆಯುತ್ತದಾ ಅಂತ ಅಂಗಡಿಯಲ್ಲೇ ಹಾಕಿ ನೋಡಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳೇ ತುಂಬಿರುವ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಚೌಕಾಸಿಗಿಂತ ಈ ಪರೀಕ್ಷೆಯೇ ಜಾಸ್ತಿ ಲಾಭ.

ಕಾಲರ್ ಮೈಕಿಗೆ ಒಂದು ಮುಜುಗರ ಇದೆ. ಮನಸ್ಸು ಕಲಕಿಕೊಂಡು ಬಂದವರ ಸೆರಗಿಗೋ ಅಂಗಿಗೋ ಏನನ್ನೋ ಸಿಕ್ಕಿಸುವುದು ಸರಿಯಲ್ಲ. ಅವರ ಕೈಗೆ ಕೊಟ್ಟು ಅವರೇ ಸಿಕ್ಕಿಸಿಕೊಳ್ಳಲಿ ಎನ್ನಿ. ಬೇಡವೆಂದರೆ ಎರಡೂ ಮೈಕುಗಳನ್ನು ಮೇಜಿನ ಮೇಲೆ, ಒಬ್ಬೊಬ್ಬರ ಹತ್ತಿರಕ್ಕೆ ಒಂದರಂತೆ ಇಡಿ.

ಇನ್ನು ಸ್ವಲ್ಪ ಕೈಬಿಚ್ಚಬಹುದಾದರೆ ನನ್ನ ಓಟು ಧ್ವನಿ ರೆಕಾರ್ಡರ್‌ಗೆ. ಸೋನಿ, ಝೂಮ್, ಟಾಸ್ಕಾಮ್ ಕಂಪನಿಗಳ ಸಣ್ಣ ಮಾದರಿಗಳು ಸುಮಾರು ಐದಾರು ಸಾವಿರದಿಂದ ಶುರುವಾಗಿ ಹತ್ತು ಸಾವಿರದ ಆಚೀಚೆ ಇರುತ್ತವೆ. ಇದಕ್ಕೆ ಕರೆ ಬರುವುದಿಲ್ಲ, ಮೆಸೇಜ್ ಬರುವುದಿಲ್ಲ. ಇಬ್ಬರ ನಡುವೆ, ಎರಡು–ಮೂರು ಅಡಿ ದೂರದಲ್ಲಿ ಇಡಿ. ಕೆಳಗೆ ಮಡಚಿದ ಟವೆಲ್ ಹಾಕಿ. ಇಲ್ಲದಿದ್ದರೆ ಮೇಜಿನ ಮೇಲೆ ಲೋಟ ಇಟ್ಟ ಸದ್ದೂ ಗುಡುಗಿನ ಹಾಗೆ ಕೇಳುತ್ತದೆ.

ಅಗ್ಗದ ವೈರ್‌ಲೆಸ್ ಮೈಕುಗಳ ಹಾವಳಿ ಈಗ ಜೋರು. ರೀಲ್ಸ್ ಮಾಡುವವರಿಗೆ ಸರಿ, ನಮಗೆ ಬೇಡ. ಚಾರ್ಜ್ ಅರ್ಧದಲ್ಲಿ ಮುಗಿದರೆ ಗೊತ್ತೇ ಆಗುವುದಿಲ್ಲ. ಅದಕ್ಕಿಂತ ದೊಡ್ಡ ಸಮಸ್ಯೆ ಅವುಗಳಲ್ಲಿರುವ ಗದ್ದಲ ಕಳೆಯುವ ವ್ಯವಸ್ಥೆ. ಅದು ಮೆಲುದನಿ, ಬಿಕ್ಕು, ನಿಟ್ಟುಸಿರುಗಳನ್ನೂ ಗದ್ದಲ ಎಂದುಕೊಂಡು ಕತ್ತರಿಸುತ್ತದೆ. ಸಮಾಲೋಚನೆಯಲ್ಲಿ ನಮಗೆ ಬೇಕಾದದ್ದು ಅದೇ ತಾನೇ? ಫೋನಿನಲ್ಲೋ ರೆಕಾರ್ಡರ್‌ನಲ್ಲೋ ಗದ್ದಲ ಕಳೆಯುವ ಇಂಥ ಆಯ್ಕೆ ಇದ್ದರೆ ಬಂದ್ ಮಾಡಿ. ಹಾಗೆಯೇ, ದನಿಯ ಮಟ್ಟವನ್ನು ಯಂತ್ರ ತಾನಾಗಿ ಏರಿಸಿ ಇಳಿಸುವ ಆಯ್ಕೆಯನ್ನೂ ಸಾಧ್ಯವಾದರೆ ಬಂದ್ ಮಾಡಿ. ಅದಿದ್ದರೆ ಇಬ್ಬರೂ ಸುಮ್ಮನಾದ ಕೂಡಲೇ ಫ್ಯಾನಿನ ಸದ್ದು ಮೇಲೆದ್ದು ಬರುತ್ತದೆ, ಮೌನ ಮೌನವಾಗಿ ಉಳಿಯುವುದಿಲ್ಲ. ಆನ್‌ಲೈನ್ ಸಮಾಲೋಚನೆಯಾದರೆ ಝೂಮ್ ಆ್ಯಪ್‌ನ ಧ್ವನಿ ಸೆಟ್ಟಿಂಗ್‌ನಲ್ಲಿ ‘ಒರಿಜಿನಲ್ ಸೌಂಡ್’ ಆರಿಸಿಕೊಳ್ಳಬಹುದು.

4. ಕ್ಯಾಮೆರಾ

ಇಲ್ಲಿ ಜಿಪುಣತನ ನಡೆಯುತ್ತದೆ. ಡ್ರಾಯರ್‌ನಲ್ಲಿ ಬಿದ್ದಿರುವ ಹಳೇ ಆಂಡ್ರಾಯ್ಡ್ ಫೋನ್ ತೆಗೆಯಿರಿ. ಫ್ಯಾಕ್ಟರಿ ರೀಸೆಟ್ ಮಾಡಿ. ಸಿಮ್ ಹಾಕಬೇಡಿ, ಗೂಗಲ್ ಖಾತೆಯನ್ನೂ ಹಾಕದೆ ಮುಂದೆ ಹೋಗಿ. ಕರೆ ಬಂದು ನಿಲ್ಲುವ ಭಯವಿಲ್ಲ, ವಿಡಿಯೊ ನಿಮಗೆ ತಿಳಿಯದೆ ಗೂಗಲ್ ಫೋಟೋಸ್‌ಗೆ ಹೋಗುವ ಭಯವೂ ಇಲ್ಲ. 720ಪಿ ಗುಣಮಟ್ಟ ಧಾರಾಳವಾಯಿತು. ಅದರಲ್ಲಿ ನಿಮಿಷಕ್ಕೆ ಸುಮಾರು 60 ಎಂಬಿ ಲೆಕ್ಕ ಹಿಡಿದರೆ 50 ನಿಮಿಷದ ಒಂದು ಸಮಾಲೋಚನೆಗೆ 3 ಜಿಬಿ ಆಗುತ್ತದೆ. 1080ಪಿ ಆದರೆ ದುಪ್ಪಟ್ಟು ಬೇಕಾಗಬಹುದು. ಜೊತೆಗೊಂದು ಟ್ರೈಪಾಡ್, ಅಷ್ಟೇ.

ಲ್ಯಾಪ್‌ಟಾಪ್ ಇದ್ದವರಿಗೆ ವೆಬ್‌ಕ್ಯಾಮ್ ಆಗಬಹುದು. ಲಾಜಿಟೆಕ್ ಸಿ270 ಥರದ್ದು ಎರಡು ಸಾವಿರದ ಆಸುಪಾಸು. ರೆಕಾರ್ಡ್ ಮಾಡಲು ಒಬಿಎಸ್ ಸ್ಟುಡಿಯೊ ಎಂಬ ತಂತ್ರಾಂಶ ಉಚಿತ. ಅದರಲ್ಲಿ ಫೈಲ್ ಬಗೆಯನ್ನು ಎಂಕೆವಿ ಎಂದು ಆರಿಸಿ. ನಡುವೆ ಯಂತ್ರ ಕೈಕೊಟ್ಟರೂ ಅಲ್ಲಿಯವರೆಗಿನದು ಉಳಿಯುತ್ತದೆ. ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣುಕಿದರೆ ಸೆಟ್ಟಿಂಗ್‌ನಲ್ಲಿ 60 ಹರ್ಟ್ಸ್ ಇರುವುದನ್ನು 50ಕ್ಕೆ ಬದಲಿಸಿ. ನಮ್ಮ ಕರೆಂಟು 50 ಹರ್ಟ್ಸ್‌ನದು.

ಸೆಕೆಂಡ್‌ಹ್ಯಾಂಡ್ ಡಿಎಸ್‌ಎಲ್‌ಆರ್ ಆಸೆ ಬಿಡಿ. ಹಳೆಯ ಬಹಳಷ್ಟು ಮಾದರಿಗಳು ಅರ್ಧ ಗಂಟೆ ಆಗುತ್ತಿದ್ದಂತೆ ತಾವಾಗಿ ನಿಲ್ಲುತ್ತವೆ. ವೈಫೈ ಸಿಸಿ ಕ್ಯಾಮೆರಾ ಅಂತೂ ಬೇಡವೇ ಬೇಡ. ಅಗ್ಗವೇನೋ ಹೌದು, ಆದರೆ ದೃಶ್ಯ ಯಾವ ಸರ್ವರ್‌ಗೆ ಹೋಗುತ್ತಿದೆಯೋ ಯಾರು ಬಲ್ಲರು.

ಕುರ್ಚಿಗಳನ್ನು ಎದುರುಬದುರು ಇಡದೆ ಸ್ವಲ್ಪ ಓರೆಯಾಗಿ ಇಡಿ. ಒಂದೇ ಕ್ಯಾಮೆರಾದಲ್ಲಿ ಇಬ್ಬರೂ ಸಿಗುತ್ತಾರೆ. ಕಿಟಕಿ ಕ್ಯಾಮೆರಾದ ಬೆನ್ನಿಗಿರಲಿ.

5. ಫೈಲ್ ಜೋಪಾನ

ಫೈಲಿಗೆ ವ್ಯಕ್ತಿಯ ಹೆಸರಿಡಬೇಡಿ, ಸಂಕೇತ ಇಡಿ. ಯಾವ ಸಂಕೇತ ಯಾರದ್ದು ಎಂಬ ಪಟ್ಟಿ ಬೇರೆ ಕಡೆ, ಬೀಗದಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಸೂಪರ್‌ವೈಸರ್‌ಗೆ ಕಳಿಸುವ ಚಾಳಿ ಬೇಡ. ಅವರ ಫೋನಿನ ಗ್ಯಾಲರಿಯಲ್ಲಿ ಮದುವೆ ಫೋಟೊಗಳ ನಡುವೆ ಕೂತುಬಿಡುತ್ತದೆ. ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಪಾಸ್‌ವರ್ಡ್ ಬೀಗ ಹಾಕಿ, ಕೈಯಾರೆ ಒಯ್ದು ಕೊಡಿ. ಕಾಪಿ ಆದ ದಿನವೇ ಫೋನ್, ಮೆಮೊರಿ ಕಾರ್ಡ್ ಎರಡನ್ನೂ ಖಾಲಿ ಮಾಡಿ.

6. ಒಂದು ಪೂರ್ತಿ ತಾಲೀಮು

ಸಹಪಾಠಿಯನ್ನು ಕೂರಿಸಿಕೊಂಡು 50 ನಿಮಿಷವೂ ರೆಕಾರ್ಡ್ ಮಾಡಿ. ಐದು ನಿಮಿಷದ ಪರೀಕ್ಷೆಯಲ್ಲಿ ಫೋನ್ ಬಿಸಿಯಾಗುವುದು, ಜಾಗ ತುಂಬುವುದು, ಬ್ಯಾಟರಿ ಇಳಿಯುವುದು ಯಾವುದೂ ಗೊತ್ತಾಗುವುದಿಲ್ಲ. ಕರೆಂಟ್ ಹೋಗುವ ಊರಾದರೆ ಚಾರ್ಜರ್ ಬದಲು ಪವರ್ ಬ್ಯಾಂಕ್‌ನಲ್ಲೇ ಓಡಿಸಿ ನೋಡಿ. ಸಹಪಾಠಿಗೆ ಹೇಳಿ, ಒಂದೆರಡು ವಾಕ್ಯವನ್ನು ತಲೆ ತಗ್ಗಿಸಿ, ಪಿಸುಮಾತಿನಲ್ಲಿ ಆಡಲಿ. ಆಮೇಲೆ ಇಯರ್‌ಫೋನ್ ಹಾಕಿಕೊಂಡು ಆ ವಾಕ್ಯಗಳನ್ನು ಹುಡುಕಿ ಕೇಳಿ. ಕೇಳಿಸದಿದ್ದರೆ ಹೊಸ ಮೈಕ್ ಕೊಳ್ಳಲು ಓಡಬೇಡಿ. ಇರುವ ಮೈಕನ್ನು ಒಂದಡಿ ಹತ್ತಿರಕ್ಕೆ ಎಳೆದು ಇನ್ನೊಮ್ಮೆ ನೋಡಿ.